ಮಂಡಿನೋವಿನ ಮಾತ್ರೆ, ಹೃದಯದ ಲೆಕ್ಕ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಸ್ಟೆಂಟ್ ಹಾಕಿಸಿಕೊಂಡ ಅಪ್ಪನಿಗೆ ಮಂಡಿನೋವಿನ ಮಾತ್ರೆ ಕೊಡಬಹುದೇ? ಅಮ್ಮ ಎಷ್ಟೋ ವರ್ಷದಿಂದ ದಿನಾ ಒಂದು ನೋವಿನ ಮಾತ್ರೆ ನುಂಗುತ್ತಾರೆ, ಹೃದಯಕ್ಕೇನಾದರೂ ಆದೀತೇ? ಕಿಡ್ನಿಗೆ ಒಳ್ಳೆಯದಲ್ಲ ಅಂತ ಎಲ್ಲರೂ ಹೇಳುತ್ತಾರೆ, ಹೊಟ್ಟೆ ಉರಿಯುತ್ತದೆ ಅನ್ನುವುದೂ ಗೊತ್ತು, ಈಗ ಹಾರ್ಟಿಗೂ ತೊಂದರೆ ಅನ್ನುತ್ತಾರಲ್ಲ, ನಿಜವೇ?

ನಿಜ. ಆದರೆ ಎಲ್ಲ ಮಾತ್ರೆಗಳಿಂದಲೂ ಒಂದೇ ಪ್ರಮಾಣದ ಅಪಾಯವಿಲ್ಲ, ಎಲ್ಲರಿಗೂ ಅಷ್ಟೇ ಅಪಾಯವಿಲ್ಲ. ಇಷ್ಟು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಇದು ನಮಗೆ ಗೊತ್ತಾದದ್ದು ಹೇಗೆ, ಗೊತ್ತಾಗಲು ಅಷ್ಟು ತಡವಾದದ್ದು ಏಕೆ ಎಂದು ತಿಳಿಯದಿದ್ದರೆ ಈ ಉತ್ತರಕ್ಕೆ ತೂಕ ಬರುವುದಿಲ್ಲ. ಅದಕ್ಕಾಗಿ ಈಗ ಎಲ್ಲೂ ಸಿಗದ ಒಂದು ಮಾತ್ರೆಯ ಕಥೆ ಹೇಳಬೇಕು. ಅದರ ಹೆಸರು ರೋಫೆಕಾಕ್ಸಿಬ್. ಅಮೆರಿಕದ ಮರ್ಕ್ ಕಂಪನಿ ಅದನ್ನು ವಯಾಕ್ಸ್ ಎಂಬ ಹೆಸರಿನಲ್ಲಿ ಮಾರುತ್ತಿತ್ತು.

ಮೊದಲು ಆಸ್ಪಿರಿನ್. ಸುಮಾರು ಎಪ್ಪತ್ತು ವರ್ಷದಿಂದ ಜನ ನುಂಗುತ್ತಿದ್ದರೂ ಅದು ದೇಹದೊಳಗೆ ಏನು ಮಾಡುತ್ತದೆಂದು ಗೊತ್ತಿರಲಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಜಾನ್ ವೇನ್ ಅದನ್ನು ಬಿಡಿಸಿ ತೋರಿಸಿದರು. ಊತ, ನೋವು, ಜ್ವರ ಎಲ್ಲದರ ಹಿಂದೆ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳಿವೆ. ಅವನ್ನು ತಯಾರಿಸುವ ಕಿಣ್ವವನ್ನು ಆಸ್ಪಿರಿನ್ ತಡೆಯುತ್ತದೆ. ಈ ಕೆಲಸಕ್ಕೆ ವೇನ್ ಅವರಿಗೆ 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ತೊಂಬತ್ತರ ದಶಕದ ಶುರುವಿನಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು: ಆ ಕಿಣ್ವ ಒಂದಲ್ಲ, ಎರಡು. ಕಾಕ್ಸ್-1 ಸದಾ ಕೆಲಸ ಮಾಡುತ್ತಿರುತ್ತದೆ, ಹೊಟ್ಟೆಯ ಒಳಪದರವನ್ನು ಕಾಯುತ್ತದೆ. ಕಾಕ್ಸ್-2 ಮುಖ್ಯವಾಗಿ ಗಾಯ, ಊತ ಆದ ಕಡೆ ಎದ್ದು ಕೂರುತ್ತದೆ. ಹಾಗಾದರೆ ಎರಡನೆಯದನ್ನು ಮಾತ್ರ ತಡೆಯುವ ಮಾತ್ರೆ ಮಾಡಿದರೆ ನೋವೂ ಹೋಗುತ್ತದೆ, ಹೊಟ್ಟೆಯೂ ಉಳಿಯುತ್ತದೆ. ಯೋಚನೆ ಚೆನ್ನಾಗಿಯೇ ಇತ್ತು. ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ, ರಕ್ತಸ್ರಾವವಾಗಿ ಸಾಯುವವರು ಎಲ್ಲ ದೇಶಗಳಲ್ಲೂ ಇದ್ದರು. 1999ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ರೋಫೆಕಾಕ್ಸಿಬ್‌ಗೆ ಅನುಮತಿ ಕೊಟ್ಟಿತು. ಮರುವರ್ಷ ಅದರ ಜಾಹೀರಾತಿಗೇ ಕಂಪನಿ ಸುಮಾರು 16 ಕೋಟಿ ಡಾಲರ್ ಸುರಿಯಿತು. ಫಿಗರ್ ಸ್ಕೇಟಿಂಗ್ ತಾರೆ ಡೊರೊತಿ ಹ್ಯಾಮಿಲ್ ಟೀವಿಯಲ್ಲಿ ಬಂದು, ಈ ಮಾತ್ರೆಯಿಂದ ತಾನು ಮತ್ತೆ ಸಲೀಸಾಗಿ ಓಡಾಡುತ್ತಿದ್ದೇನೆ ಎನ್ನುತ್ತಿದ್ದರು.

2000ದ ನವೆಂಬರ್‌ನಲ್ಲಿ ವಿಗರ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಅಚ್ಚಾಯಿತು. ಸಂಧಿವಾತದ 8,076 ರೋಗಿಗಳಲ್ಲಿ ಅರ್ಧ ಜನಕ್ಕೆ ರೋಫೆಕಾಕ್ಸಿಬ್, ಅರ್ಧ ಜನಕ್ಕೆ ಹಳೆಯ ಮಾತ್ರೆ ನ್ಯಾಪ್ರೊಕ್ಸೆನ್. ಹೊಟ್ಟೆಯ ತೊಂದರೆ ಹೊಸ ಮಾತ್ರೆಯಲ್ಲಿ ಅರ್ಧಕ್ಕೂ ಕಡಿಮೆ. ಸುದ್ದಿಯಾದದ್ದು ಅದೇ. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಸಾಲಿತ್ತು: ಹೃದಯಾಘಾತ ನ್ಯಾಪ್ರೊಕ್ಸೆನ್ ಗುಂಪಿನಲ್ಲಿ ಶೇ 0.1, ರೋಫೆಕಾಕ್ಸಿಬ್ ಗುಂಪಿನಲ್ಲಿ ಶೇ 0.4. ನಾಲ್ಕು ಪಟ್ಟು.

ಇದಕ್ಕೆ ಕೊಟ್ಟ ವಿವರಣೆ ಹೀಗಿತ್ತು: ಹೊಸ ಮಾತ್ರೆ ಕೆಡುಕು ಮಾಡಿಲ್ಲ, ನ್ಯಾಪ್ರೊಕ್ಸೆನ್ ಒಳ್ಳೆಯದು ಮಾಡಿದೆ, ಆಸ್ಪಿರಿನ್ನಿನಂತೆ ಅದೂ ರಕ್ತ ಹೆಪ್ಪುಗಟ್ಟುವುದನ್ನು ತಡೆದು ಹೃದಯ ಕಾದಿದೆ. ಕೇಳಲು ಸರಿಯೆನಿಸುತ್ತದೆ. ಈ ಪ್ರಯೋಗದಲ್ಲಿ ಸುಮ್ಮನೆ ಸಕ್ಕರೆ ಮಾತ್ರೆ ನುಂಗಿದ ಮೂರನೆಯ ಗುಂಪು ಇರಲಿಲ್ಲವಾದ್ದರಿಂದ ಇಬ್ಬರಲ್ಲಿ ಯಾರು ಮೇಲೇರಿದರು, ಯಾರು ಕೆಳಗಿಳಿದರು ಎಂದು ಆ ಅಂಕಿಯಿಂದಲೇ ತೀರ್ಮಾನಿಸಲು ಬರುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಆ ವಿವರಣೆ ನಿಜವಾಗಬೇಕಾದರೆ ನ್ಯಾಪ್ರೊಕ್ಸೆನ್ ನಾಲ್ಕು ಹೃದಯಾಘಾತಗಳಲ್ಲಿ ಮೂರನ್ನು ತಡೆದಿರಬೇಕು. ಹೃದ್ರೋಗಿಗಳಿಗೆಂದೇ ಕೊಡುವ ಆಸ್ಪಿರಿನ್‌ ಕೂಡ ತಡೆಯುವುದು ನಾಲ್ಕರಲ್ಲಿ ಒಂದರಷ್ಟು. ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಎರಿಕ್ ಟೋಪೋಲ್, ಸ್ಟೀವನ್ ನಿಸೆನ್ ಮತ್ತು ಅವರ ಸಹೋದ್ಯೋಗಿ ಮುಖರ್ಜಿ 2001ರ ಆಗಸ್ಟ್‌ನಲ್ಲೇ ಜಾಮಾ ಪತ್ರಿಕೆಯಲ್ಲಿ ಎಚ್ಚರಿಕೆಯ ಗಂಟೆ ಹೊಡೆದರು. ಮಾತ್ರೆಯ ಮಾರಾಟ ನಿಲ್ಲಲಿಲ್ಲ. ಚೀಟಿಯ ಮೇಲಿನ ಎಚ್ಚರಿಕೆ ತಿದ್ದಿಸಲು 2002ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. 2003ರಲ್ಲಿ ಮಾರಾಟ 250 ಕೋಟಿ ಡಾಲರ್ ಮುಟ್ಟಿತ್ತು.

ಹೃದಯಕ್ಕೆ ಯಾಕೆ ಕುತ್ತು ಎನ್ನುವುದಕ್ಕೆ ಸುಳಿವು ಆಗಲೇ ಇತ್ತು. ನಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಅದು ರಕ್ತವನ್ನು ಹೆಪ್ಪುಗಟ್ಟಿಸುವ ಕಡೆ ಎಳೆಯುತ್ತದೆ. ರಕ್ತನಾಳದ ಒಳಗೋಡೆ ಪ್ರೊಸ್ಟಸೈಕ್ಲಿನ್ ತಯಾರಿಸುತ್ತದೆ. ಅದು ನಾಳವನ್ನು ಅಗಲಿಸಿ, ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ ಇವು ಸಮ ತೂಗುತ್ತಿರುತ್ತವೆ. ಪ್ಲೇಟ್‌ಲೆಟ್‌ಗಳಲ್ಲಿರುವುದು ಕಾಕ್ಸ್-1. ಪ್ರೊಸ್ಟಸೈಕ್ಲಿನ್ ತಯಾರಾಗಲು ಬೇಕಾದದ್ದು ಬಹುಮಟ್ಟಿಗೆ ಕಾಕ್ಸ್-2. ಎರಡನೆಯದನ್ನು ಮಾತ್ರ ತಡೆದರೆ ಕಾಯುವ ತಟ್ಟೆ ಹಗುರವಾಗುತ್ತದೆ, ಹೆಪ್ಪುಗಟ್ಟಿಸುವ ತಟ್ಟೆ ಹಾಗೇ ಉಳಿಯುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ತಂಡ ಆರೋಗ್ಯವಂತ ಸ್ವಯಂಸೇವಕರ ಮೂತ್ರ ಪರೀಕ್ಷಿಸಿ ಇದನ್ನು 1999ರಲ್ಲೇ ತೋರಿಸಿತ್ತು. ಇದರ ಜೊತೆಗೆ ಈ ಜಾತಿಯ ಮಾತ್ರೆಗಳು ದೇಹದಲ್ಲಿ ಉಪ್ಪು, ನೀರು ನಿಲ್ಲಿಸುತ್ತವೆ, ಬಿಪಿ ಏರಿಸುತ್ತವೆ. ಹೃದಯದ ಪರಿಧಮನಿಯಲ್ಲಿ ಮೊದಲೇ ಕೊಬ್ಬು ಕಟ್ಟಿಕೊಂಡವರಿಗೆ ಇಷ್ಟೇ ಸಾಕಾಗಬಹುದು.

ಕೊನೆಗೆ ತೀರ್ಪು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ದೊಡ್ಡ ಕರುಳಿನಲ್ಲಿ ಪಾಲಿಪ್ ಎಂಬ ಗಂಟುಗಳು ಮರುಕಳಿಸುವುದನ್ನು ರೋಫೆಕಾಕ್ಸಿಬ್ ತಡೆಯುತ್ತದೆಯೇ ಎಂದು ನೋಡಲು ಕಂಪನಿಯೇ ಅಪ್ರೂವ್ ಎಂಬ ಪ್ರಯೋಗ ನಡೆಸುತ್ತಿತ್ತು. 2,586 ಜನ. ಇಲ್ಲಿ ಹೋಲಿಕೆ ಇನ್ನೊಂದು ನೋವಿನ ಮಾತ್ರೆಯ ಜೊತೆ ಅಲ್ಲ, ಔಷಧವೇ ಇಲ್ಲದ ಮಾತ್ರೆಯ ಜೊತೆ. ನ್ಯಾಪ್ರೊಕ್ಸೆನ್ನಿನ ನೆಪ ಹೇಳಲು ದಾರಿಯೇ ಇರಲಿಲ್ಲ. ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 8 ಮಂದಿಗೆ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಯಾದರೆ, ರೋಫೆಕಾಕ್ಸಿಬ್ ನುಂಗಿದವರಲ್ಲಿ 15 ಮಂದಿಗೆ. 2004ರ ಸೆಪ್ಟೆಂಬರ್ 30ರಂದು ಮರ್ಕ್ ತನ್ನ ಮಾತ್ರೆಯನ್ನು ಜಗತ್ತಿನ ಎಲ್ಲ ಮಾರುಕಟ್ಟೆಗಳಿಂದ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ 8 ಕೋಟಿಗೂ ಹೆಚ್ಚು ಜನ ಅದನ್ನು ನುಂಗಿದ್ದರು.

ಐದು ವರ್ಷ ಲಕ್ಷಾಂತರ ವೈದ್ಯರು ಈ ಮಾತ್ರೆಯನ್ನು ಬರೆದುಕೊಟ್ಟರಲ್ಲ, ಒಬ್ಬರ ಕಣ್ಣಿಗೂ ಬೀಳಲಿಲ್ಲವೇ? ಬೀಳುವುದು ಸಾಧ್ಯವೂ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇದೇ. ಒಂದು ಮಾತ್ರೆ ನುಂಗಿದವರ ಚರ್ಮ ಸುಲಿದು ಬಂದರೆ ವೈದ್ಯರು ತಕ್ಷಣ ಮಾತ್ರೆಯನ್ನು ಅನುಮಾನಿಸುತ್ತಾರೆ, ಯಾಕೆಂದರೆ ಸುಮ್ಮಸುಮ್ಮನೆ ಯಾರ ಚರ್ಮವೂ ಹಾಗೆ ಸುಲಿಯುವುದಿಲ್ಲ. ಆದರೆ ಮಂಡಿ ಸವೆದ 65 ವರ್ಷದವರಿಗೆ ಹೃದಯಾಘಾತವಾದರೆ? ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಇತ್ತು, ಬಿಪಿ ಇತ್ತು, ಮಗಳ ಮದುವೆಯ ಚಿಂತೆ ಇತ್ತು ಎನ್ನುತ್ತೇವೆ. ಅದೆಲ್ಲ ನಿಜವೂ ಹೌದು. ಮಾತ್ರೆ ಇಲ್ಲದಿದ್ದರೂ 8 ಜನಕ್ಕೆ ಆಗುತ್ತಿತ್ತು. ಹೆಚ್ಚಿಗೆ ಆದ 7 ಜನರ ಹಣೆಯ ಮೇಲೆ ಏನೂ ಬರೆದಿರುವುದಿಲ್ಲ. ಸಾಮಾನ್ಯ ಕಾಯಿಲೆಯ ವೇಷದಲ್ಲಿ ಬರುವ ಅಡ್ಡಪರಿಣಾಮ ಯಾವ ಅನುಭವಿ ವೈದ್ಯರ ಕೈಗೂ ಸಿಗುವುದಿಲ್ಲ. ಅದು ಸಿಗುವುದು ಎಣಿಸುವವರಿಗೆ ಮಾತ್ರ.

ಹಾಗೆ ಎಣಿಸಿದವರಲ್ಲಿ ಎಫ್‌ಡಿಎಯ ಒಳಗೇ ಕೆಲಸ ಮಾಡುತ್ತಿದ್ದ ಡೇವಿಡ್ ಗ್ರಹಾಂ ಮುಖ್ಯರು. ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯಲ್ಲಿ ಸದಸ್ಯರ ಆಸ್ಪತ್ರೆ ದಾಖಲೆ ಮತ್ತು ಔಷಧದಂಗಡಿಯ ದಾಖಲೆ ಒಂದೇ ಸಂಖ್ಯೆಯಡಿ ಸೇರುತ್ತಿದ್ದವು. ಗ್ರಹಾಂ ತಂಡ ಸುಮಾರು 14 ಲಕ್ಷ ಜನರ ಅಂಥ ದಾಖಲೆ ತೆಗೆದುಕೊಂಡಿತು. ಅವರಲ್ಲಿ ಹೃದಯಾಘಾತವಾದವರು ಅಥವಾ ಹೃದಯ ಸ್ತಂಭಿಸಿ ಸತ್ತವರು 8,143 ಮಂದಿ. ಈ ಪ್ರತಿಯೊಬ್ಬರಿಗೂ ಅದೇ ವಯಸ್ಸಿನ, ಅದೇ ಲಿಂಗದ, ತೊಂದರೆಯಾಗದ ನಾಲ್ವರನ್ನು ಜೋಡಿಸಿ, ಘಟನೆಯಾದ ದಿನ ಯಾರ ಬಳಿ ಯಾವ ನೋವಿನ ಮಾತ್ರೆ ಇತ್ತು ಎಂದು ನೋಡಿದರು. ಹಿಂದೆಂದೋ ನೋವಿನ ಮಾತ್ರೆ ನುಂಗಿ ಬಿಟ್ಟವರಿಗೆ ಹೋಲಿಸಿದರೆ, ದಿನಕ್ಕೆ 25 ಮಿಲಿಗ್ರಾಂ ಮೀರಿ ರೋಫೆಕಾಕ್ಸಿಬ್ ನುಂಗುತ್ತಿದ್ದವರಲ್ಲಿ ಅಪಾಯ ಸುಮಾರು ಮೂರು ಪಟ್ಟು. ಅದೇ ಜಾತಿಯ ಸೆಲೆಕಾಕ್ಸಿಬ್‌ನಲ್ಲಿ ಅಂಥ ಏರಿಕೆ ಕಾಣಲಿಲ್ಲ. ಈ ಲೆಕ್ಕವನ್ನು ಇಡೀ ಅಮೆರಿಕಕ್ಕೆ ಹಿಗ್ಗಿಸಿದಾಗ, ರೋಫೆಕಾಕ್ಸಿಬ್‌ನಿಂದ ಹೆಚ್ಚುವರಿಯಾಗಿ ಆಗಿರಬಹುದಾದ ಗಂಭೀರ ಹೃದ್ರೋಗ ಪ್ರಕರಣಗಳು 88,000ದಿಂದ 1,40,000 ಎಂದು ಅವರು ಅಂದಾಜಿಸಿದರು. 2004ರ ನವೆಂಬರ್‌ನಲ್ಲಿ ಗ್ರಹಾಂ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು, ತಮ್ಮ ಸಂಸ್ಥೆ ಜನರನ್ನು ಕಾಯಲು ಸೋತಿದೆ ಎಂದು ಸಾಕ್ಷಿ ಹೇಳಿದರು. ಸಂಬಳ ಕೊಡುವ ಸಂಸ್ಥೆಯ ವಿರುದ್ಧ ಅಷ್ಟು ದೊಡ್ಡ ಸಭೆಯಲ್ಲಿ ಮಾತಾಡಲು ಎದೆ ಗಟ್ಟಿ ಇರಬೇಕು. ಅವರ ಪ್ರಬಂಧ ಮರುವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಆಮೇಲೆ ಒಂದೊಂದೇ ಹೊರಬಿತ್ತು. ವಿಗರ್ ಪ್ರಬಂಧದಲ್ಲಿ ರೋಫೆಕಾಕ್ಸಿಬ್ ಗುಂಪಿನ ಮೂರು ಹೃದಯಾಘಾತಗಳು ಸೇರಿರಲಿಲ್ಲ. 17 ಎಂದು ಇದ್ದದ್ದು 20 ಆಗಬೇಕಿತ್ತು. ಪ್ರಕಟಿಸಿದ ಪತ್ರಿಕೆಯೇ 2005ರ ಡಿಸೆಂಬರ್‌ನಲ್ಲಿ ಇದರ ಬಗ್ಗೆ ತನ್ನ ಕಳವಳವನ್ನು ಬಹಿರಂಗವಾಗಿ ಅಚ್ಚು ಮಾಡಿತು. 2007ರಲ್ಲಿ ಕಂಪನಿ ಸಾವಿರಾರು ದಾವೆಗಳನ್ನು ಇತ್ಯರ್ಥಪಡಿಸಲು 485 ಕೋಟಿ ಡಾಲರ್ ಕೊಡಲು ಒಪ್ಪಿತು. ಎಲ್ಲಕ್ಕಿಂತ ಹೆಚ್ಚು ಮನಸ್ಸು ಕಲಕುವುದು ಸ್ವಿಟ್ಜರ್ಲೆಂಡಿನ ಪೀಟರ್ ಯೂನಿ ಮತ್ತು ಸಂಗಡಿಗರು ಮಾಡಿದ ಲೆಕ್ಕ. ಆಗಿಹೋಗಿದ್ದ ಪ್ರಯೋಗಗಳ ಅಂಕಿಗಳನ್ನು ವರ್ಷವಾರು ಕೂಡಿಸುತ್ತ ಹೋದರೆ 2000ದ ಕೊನೆಗೇ ಅಪಾಯ ಸ್ಪಷ್ಟವಾಗಿ ಕಾಣುತ್ತಿತ್ತು ಎಂದು ಅವರು ತೋರಿಸಿದರು. ನಡುವೆ ಸುಮಾರು ನಾಲ್ಕು ವರ್ಷ, ಕೋಟ್ಯಂತರ ಮಾತ್ರೆಗಳು.

ಭಾರತದಲ್ಲಿ ಆಗ ಔಷಧಗಳಿಗೆ ಉತ್ಪನ್ನ ಪೇಟೆಂಟ್ ಇರಲಿಲ್ಲ, ಅದು ಬಂದದ್ದು 2005ರಲ್ಲಿ. ಹಾಗಾಗಿ ನಮ್ಮ ಅನೇಕ ಕಂಪನಿಗಳು ತಮ್ಮದೇ ಹೆಸರಿಟ್ಟು ರೋಫೆಕಾಕ್ಸಿಬ್ ಮಾರುತ್ತಿದ್ದವು. 2004ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಅಲ್ಲಿಗೆ ನಮ್ಮ ಪಾಲಿಗೆ ಕಥೆ ಮುಗಿಯಿತು ಎಂದು ಬಹಳ ಜನ ಅಂದುಕೊಂಡರು. ಮುಗಿದಿರಲಿಲ್ಲ.

ರೋಫೆಕಾಕ್ಸಿಬ್ ಹೋದ ಮೇಲೆ ಸಂಶೋಧಕರ ಕಣ್ಣು ಹಳೆಯ ನೋವಿನ ಮಾತ್ರೆಗಳ ಮೇಲೆ ಬಿತ್ತು. ಅಲ್ಲಿ ಸಿಕ್ಕಿದ್ದು ಡೈಕ್ಲೊಫೆನಾಕ್. ವೊವೆರಾನ್ ಅಂದರೆ ನಮ್ಮಲ್ಲಿ ಗೊತ್ತಿಲ್ಲದವರಿಲ್ಲ. ಹಳ್ಳಿಯ ಕ್ಲಿನಿಕ್ಕಿನಲ್ಲಿ ಸೊಂಟನೋವಿಗೆ ಚುಚ್ಚುವ ಸೂಜಿಯೂ ಎಷ್ಟೋ ಸಲ ಅದೇ. ಹೆಸರಿಗೆ ಹಳೆಯ ತಲೆಮಾರಿನದಾದರೂ ಕಾಕ್ಸ್-2 ಕಿಣ್ವವನ್ನು ಅದು ಹೊಸಬರಷ್ಟೇ ಒತ್ತಿ ಹಿಡಿಯುತ್ತದೆ. 2013ರಲ್ಲಿ ಆಕ್ಸ್‌ಫರ್ಡಿನ ನೇತೃತ್ವದಲ್ಲಿ 600ಕ್ಕೂ ಹೆಚ್ಚು ಪ್ರಯೋಗಗಳ ಅಂಕಿ ಕೂಡಿಸಿ ನೋಡಿದಾಗ ತಿಳಿದದ್ದು: ಹೃದ್ರೋಗದ ಸಾಧಾರಣ ಅಪಾಯವಿರುವ ಸಾವಿರ ಜನ ಒಂದು ವರ್ಷ ದಿನಕ್ಕೆ 150 ಮಿಲಿಗ್ರಾಂ ಡೈಕ್ಲೊಫೆನಾಕ್ ನುಂಗಿದರೆ ಹೆಚ್ಚುವರಿಯಾಗಿ ಮೂವರಿಗೆ ಹೃದಯ ಅಥವಾ ರಕ್ತನಾಳದ ಗಂಭೀರ ತೊಂದರೆಯಾಗುತ್ತದೆ, ಅದರಲ್ಲಿ ಒಬ್ಬರು ಸಾಯುತ್ತಾರೆ. ಹೆಚ್ಚಿನ ಪ್ರಮಾಣದ ಐಬುಪ್ರೊಫೆನ್ ಕೂಡ ಹೃದಯಾಘಾತದ ಅಪಾಯ ಏರಿಸುತ್ತದೆ. ನ್ಯಾಪ್ರೊಕ್ಸೆನ್ ಏರಿಸಲಿಲ್ಲ, ಆದರೆ ಹೊಟ್ಟೆಯನ್ನು ಕಾಡಿತು. ಹೃದಯ ವೈಫಲ್ಯದ ಅಪಾಯ ಎಲ್ಲದರಲ್ಲೂ ಸುಮಾರು ಎರಡು ಪಟ್ಟು. ಅದೇ ವರ್ಷ ಇನ್ನೊಂದು ಅಧ್ಯಯನ, 74 ದೇಶಗಳ ಅಗತ್ಯ ಔಷಧಗಳ ಪಟ್ಟಿಯಲ್ಲಿ ಡೈಕ್ಲೊಫೆನಾಕ್ ಇದೆ ಎಂದೂ, ಅದರ ಅಪಾಯ ಹಿಂತೆಗೆದುಕೊಂಡ ರೋಫೆಕಾಕ್ಸಿಬ್‌ಗೆ ಸಮೀಪವಾಗಿದೆ ಎಂದೂ ಹೇಳಿತು. 2018ರಲ್ಲಿ ಡೆನ್ಮಾರ್ಕಿನ ಸಂಶೋಧಕರು ದೇಶದ ದಾಖಲೆಗಳನ್ನೆಲ್ಲ ಜೋಡಿಸಿ, ಡೈಕ್ಲೊಫೆನಾಕ್ ಶುರುಮಾಡಿದ 30 ದಿನಗಳೊಳಗೇ ಅಪಾಯ ಏರುವುದನ್ನು ತೋರಿಸಿದರು. ಏನೂ ನುಂಗದವರಿಗೆ ಹೋಲಿಸಿದರೆ ಶೇ 50 ಹೆಚ್ಚು.

ಇದೇ ಡೈಕ್ಲೊಫೆನಾಕ್ ರಣಹದ್ದುಗಳನ್ನೂ ಕೊಂದಿತು. ಔಷಧ ಕೊಟ್ಟ ದನ ಸತ್ತಾಗ ಅದರ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಲಾಗಿ ಸತ್ತವು. ಜಾನುವಾರುಗಳಿಗೆ ಅದನ್ನು 2006ರಲ್ಲಿ ನಿಷೇಧಿಸಲಾಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವೇ ರಣಹದ್ದುಗಳನ್ನು ಕಾಯಲು ಧಾಮ ಮಾಡಬೇಕಾಗಿ ಬಂತು. ಹದ್ದಿನ ಸಾವಿಗೂ ಮನುಷ್ಯರ ಹೃದಯಕ್ಕೂ ಕಾರಣದ ನಂಟಿಲ್ಲ. ಅಲ್ಲಿ ಕಳೇಬರ ಕಣ್ಣಿಗೆ ಬಿದ್ದಿತ್ತು, ಇಲ್ಲಿ ಬೀಳಲಿಲ್ಲ ಎನ್ನುವುದಷ್ಟೇ ನನಗೆ ಮುಖ್ಯ.

ಹೋಲಿಕೆಯ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಈಗಲೂ ಅದರ ಪಾಠ ಬೇಕು. ಎಟೊರಿಕಾಕ್ಸಿಬ್ ಎಂಬ ಮಾತ್ರೆ ನಮ್ಮಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದೆ. ಯುರೋಪಿನಲ್ಲೂ ಇದೆ. ಅಮೆರಿಕ 2007ರಲ್ಲಿ ಅದಕ್ಕೆ ಅನುಮತಿ ನಿರಾಕರಿಸಿತು. ಅದರ ಪರವಾಗಿ ತೋರಿಸುವ ದೊಡ್ಡ ಪ್ರಯೋಗದಲ್ಲಿ ಮೂವತ್ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು, ಹೃದಯದ ತೊಂದರೆ ಎರಡೂ ಗುಂಪಿನಲ್ಲಿ ಒಂದೇ ಸಮ. ಆದರೆ ಹೋಲಿಸಿದ್ದು ಯಾವುದಕ್ಕೆ? ಡೈಕ್ಲೊಫೆನಾಕ್‌ಗೆ. ಡೈಕ್ಲೊಫೆನಾಕ್‌ನಷ್ಟೇ ಸುರಕ್ಷಿತ ಎಂದರೆ ಅದು ಪ್ರಶಂಸಾಪತ್ರವಾಗುವುದಿಲ್ಲ.

ಇಷ್ಟು ಓದಿ ಹೆದರಿ ಎಲ್ಲ ಮಾತ್ರೆ ಬಿಸಾಡಬೇಡಿ. ನೋವು ಸಣ್ಣ ವಿಷಯವಲ್ಲ. ನಾಟಿ ಹಾಕುವ, ಬೀಡಿ ಕಟ್ಟುವ, ಕಾಫಿ ಕೊಯ್ಯುವ ಹೆಂಗಸರಿಗೆ ಸೊಂಟ, ಮಂಡಿ ಎದ್ದರೆ ಮಾತ್ರ ಅಂದಿನ ಕೂಲಿ. ಸಹಿಸಿಕೊಳ್ಳಿ ಎಂದು ಅವರಿಗೆ ಉಪದೇಶ ಮಾಡುವುದು ಕ್ರೌರ್ಯ. ಹಲ್ಲು ಕೀಳಿಸಿದ ಇಪ್ಪತ್ತೈದರ ಯುವಕ ಮೂರು ದಿನ ಮಾತ್ರೆ ನುಂಗಿದರೆ ಅವನ ಹೃದಯಕ್ಕೆ ಆಗುವ ಅಪಾಯ ತೀರಾ ಅಲ್ಪ. ನನ್ನ ಚಿಂತೆ ಬೇರೆಯವರ ಬಗ್ಗೆ. ನಮ್ಮ ಚಿಕ್ಕಮ್ಮನ ಮನೆಗೆ ಹೋದಾಗ ಅವರ ಮಾತ್ರೆಯ ಡಬ್ಬಿ ತೆಗೆದು ನೋಡಿದೆ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಹೃದಯಕ್ಕೆಂದು ಆಸ್ಪಿರಿನ್, ಎಲ್ಲಕ್ಕೂ ಡಾಕ್ಟರ ಚೀಟಿ ಇತ್ತು. ಜೊತೆಗೆ ಕತ್ತರಿಯಿಂದ ನಾಲ್ಕು ನಾಲ್ಕಾಗಿ ಕತ್ತರಿಸಿದ ಸ್ಟ್ರಿಪ್ಪಿನ ತುಂಡುಗಳು. ಹೆಸರಿನ ಅರ್ಧ ಒಂದು ತುಂಡಿನಲ್ಲಿ, ಉಳಿದರ್ಧ ಅಂಗಡಿಯಲ್ಲೇ ಉಳಿದಿರಬೇಕು. 'ಅದು ಮಂಡಿಗೆ, ಅಂಗಡಿಯವನೇ ಕೊಡ್ತಾನೆ, ಡಾಕ್ಟರಿಗೆ ಏನು ಹೇಳೋದು ಅದನ್ನ' ಎಂದರು. ತುಂಡುಗಳನ್ನು ಜೋಡಿಸಿ ಓದಿದಾಗ ಅಸಿಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ್ದು. ಅಸಿಕ್ಲೊಫೆನಾಕ್‌ನ ಒಂದು ಪಾಲು ದೇಹದೊಳಗೆ ಡೈಕ್ಲೊಫೆನಾಕ್ ಆಗಿಯೇ ಮಾರ್ಪಡುತ್ತದೆ. ಡೈಕ್ಲೊಫೆನಾಕ್ ನಮ್ಮ ಕಾನೂನಿನ ಪ್ರಕಾರ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಔಷಧ. ಕೌಂಟರಿನಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು.

ಹಾಗಾಗಿ ಪತ್ರ ಬರೆದವರಿಗೆ ನನ್ನ ಉತ್ತರ. ಸ್ಟೆಂಟ್ ಆದವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಹೃದಯ ವೈಫಲ್ಯವಿರುವವರು ಡೈಕ್ಲೊಫೆನಾಕ್, ಎಟೊರಿಕಾಕ್ಸಿಬ್‌ಗಳಿಂದ ದೂರ ಇರಬೇಕು. ಯುರೋಪಿನ ಔಷಧ ಸಂಸ್ಥೆ ಅಂಥವರಿಗೆ ಅವನ್ನು ಕೊಡಲೇಬಾರದು ಎನ್ನುತ್ತದೆ. ಮಂಡಿಯೊಂದೇ ನೋಯುವವರಿಗೆ ಹಚ್ಚುವ ಜೆಲ್ ಮೊದಲ ಆಯ್ಕೆ. ರಕ್ತಕ್ಕೆ ಸೇರುವುದು ಬಹಳ ಕಡಿಮೆ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿತು ಬಿಡದೆ ಮಾಡಿದರೆ ಮಾತ್ರೆಯ ಅಗತ್ಯವೇ ತಗ್ಗುತ್ತದೆ. ಪ್ಯಾರಾಸಿಟಮಾಲ್ ಮಂಡಿ ಸವೆತಕ್ಕೆ ಅಷ್ಟೇನೂ ಕೆಲಸ ಮಾಡುವುದಿಲ್ಲ ಎನ್ನುವುದನ್ನೂ ಹೇಳಬೇಕು. ಮಾತ್ರೆ ಬೇಕೇ ಬೇಕಾದರೆ ಯಾವುದು, ಎಷ್ಟು, ಎಷ್ಟು ದಿನ ಎನ್ನುವುದನ್ನು ಹೃದಯ ನೋಡುವ ವೈದ್ಯರೇ ಹೇಳಲಿ. ಕಡಿಮೆ ಪ್ರಮಾಣದ ಸೆಲೆಕಾಕ್ಸಿಬ್, ನ್ಯಾಪ್ರೊಕ್ಸೆನ್ ಮತ್ತು ಐಬುಪ್ರೊಫೆನ್‌ಗಿಂತ ಹೃದಯಕ್ಕೆ ಕೆಟ್ಟದ್ದಲ್ಲ ಎಂದು 24,000 ಜನರ ಮೇಲೆ ನಡೆದ ಪ್ರಯೋಗ 2016ರಲ್ಲಿ ತೋರಿಸಿದೆ. ಇನ್ನು ದಿನಾ ಆಸ್ಪಿರಿನ್ ನುಂಗುವವರು ಬ್ರೂಫೆನ್, ಕಾಂಬಿಫ್ಲಾಮ್‌ನಂಥ ಐಬುಪ್ರೊಫೆನ್ ಇರುವ ಮಾತ್ರೆ ಮೊದಲೇ ನುಂಗಿಬಿಟ್ಟರೆ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ಅದು ಕೂತು ಆಸ್ಪಿರಿನ್ನಿನ ಕೆಲಸ ಕೆಡಿಸುತ್ತದೆ. ಆಸ್ಪಿರಿನ್ ಮೊದಲು, ಕನಿಷ್ಠ ಅರ್ಧ ಗಂಟೆಯಾದರೂ ಬಿಟ್ಟು ಇನ್ನೊಂದು.

ನನಗೆ ಬೇಕಾದದ್ದು ಇನ್ನೊಂದಿದೆ. ಕ್ಯಾಲಿಫೋರ್ನಿಯಾದಲ್ಲಿ, ಡೆನ್ಮಾರ್ಕಿನಲ್ಲಿ ಎಣಿಸಲು ಸಾಧ್ಯವಾದದ್ದು ಅಂಗಡಿಯ ಬಿಲ್ಲೂ ಆಸ್ಪತ್ರೆಯ ಕಡತವೂ ಒಂದೆಡೆ ಸೇರುತ್ತಿದ್ದದ್ದರಿಂದ. ನಮ್ಮಲ್ಲಿ ಆಭಾ ಎಂಬ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ ಬಂದಿದೆ, ಆಸ್ಪತ್ರೆಯ ದಾಖಲೆ ನಿಧಾನವಾಗಿ ಅದರಡಿ ಸೇರಬಹುದು. ಕತ್ತರಿಸಿ ಕೊಟ್ಟ, ಬಿಲ್ಲಿಲ್ಲದ ನಾಲ್ಕು ಮಾತ್ರೆ ಅದರೊಳಗೆ ಎಂದೂ ಸೇರುವುದಿಲ್ಲ. ಔಷಧಗಳ ಅಡ್ಡಪರಿಣಾಮ ದಾಖಲಿಸಲು 2010ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ, ರೋಗಿಗಳೇ ವರದಿ ಮಾಡಬಹುದು. ಆದರೆ ತನ್ನ ಹೃದಯಾಘಾತಕ್ಕೆ ಮಂಡಿಯ ಮಾತ್ರೆಯೂ ಕಾರಣವಿರಬಹುದೆಂದು ಯಾವ ರೋಗಿಗೆ ಹೊಳೆಯುತ್ತದೆ? ಅದಕ್ಕೇ ಎದೆನೋವಿನಿಂದ ಆಸ್ಪತ್ರೆಗೆ ಬಂದವರಿಗೆ ಇಸಿಜಿ ತೆಗೆದು, ತುರ್ತು ಚಿಕಿತ್ಸೆ ಕೊಟ್ಟು, ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಪ್ರಶ್ನೆ ಕೇಳಿ ಕಡತದಲ್ಲಿ ಬರೆಯುವಂತಾಗಬೇಕು: ಕಳೆದ ಒಂದು ತಿಂಗಳಲ್ಲಿ ನೋವಿಗೆ ಯಾವ ಮಾತ್ರೆ ನುಂಗಿದಿರಿ, ಯಾವ ಸೂಜಿ ಹಾಕಿಸಿಕೊಂಡಿರಿ? ಬೀಡಿ, ಸಿಗರೇಟು, ಸಕ್ಕರೆ, ಬಿಪಿ ಕೇಳುವ ಹಾಳೆಯಲ್ಲಿ ಇನ್ನೊಂದು ಸಾಲು ಅಷ್ಟೆ. ರಾಜ್ಯದ ದೊಡ್ಡ ಹೃದ್ರೋಗ ಆಸ್ಪತ್ರೆಗಳು ಮನಸ್ಸು ಮಾಡಿದರೆ ಅದನ್ನು ಮುಂದಿನ ತಿಂಗಳೇ ಶುರುಮಾಡಬಹುದು. ಅಲ್ಲಿಯವರೆಗೆ ಮನೆಯಲ್ಲಿ ಹಿರಿಯರಿದ್ದವರು ಸ್ಟ್ರಿಪ್ಪಿನ ತುಂಡುಗಳನ್ನು ಎಸೆಯದೆ ಒಂದು ಕವರಿನಲ್ಲಿ ಹಾಕಿಟ್ಟು, ಮುಂದಿನ ಸಲ ಹೃದಯದ ಡಾಕ್ಟರ ಬಳಿ ಹೋಗುವಾಗ ಮೇಜಿನ ಮೇಲೆ ಸುರಿದು ತೋರಿಸಿ.